ಮುಳ್ಳು ಇಳಿಯುವ ಜಾಗ

ಕೋದಂಡರಾಮಪ್ಪನ ಜೀಪಿಗೆ ಏನೂ ಆಗಿಲ್ಲವೆಂದು ಮೆಕ್ಯಾನಿಕ್ ಕದಿರೇಶ ಹೇಳಿ ಐದು ವಾರ ಕಳೆದಿತ್ತು. ಆರನೇ ವಾರದ ಸೋಮವಾರ, ಬಿಸಿಲು ಇನ್ನೂ ಎಳೆಯದಾಗಿರುವಾಗಲೇ, ಅದೇ ಜೀಪು ಹುತ್ತೂರಿನ ಅವನ ಶೆಡ್ಡಿನ ಮುಂದೆ ಬಂದು ನಿಂತಿತು. ಇಳಿದವನು ಕೋದಂಡರಾಮಪ್ಪನೇ. ಅರವತ್ತು ದಾಟಿದ ಮನುಷ್ಯ, ಹಿಪ್ಪುನೇರಳೆಯನ್ನೂ ಬೀನ್ಸನ್ನೂ ಬೆಳೆಯುವವನು, ಗಾಡಿಯಿಂದ ಕಾಲು ಕೆಳಗಿಡುವ ಮೊದಲೇ ಮಾತು ಶುರು ಮಾಡುವ ಸ್ವಭಾವದವನು. ಈ ದಿನ ಮಾತ್ರ ಇಳಿದು, ಬಾಗಿಲು ಹಾಕಿ, ಟವೆಲ್ಲು ಕೊಡವಿ ಹೆಗಲ ಮೇಲೆ ಹಾಕಿಕೊಂಡ ಮೇಲೆ ಬಾಯಿ ಬಿಟ್ಟ.

"ಕದಿರೇಶಾ, ನಂಗೂ ಬಂತು ಕಣಯ್ಯ."

"ಏನ್ ಬಂತು? ಜ್ವರಾನಾ?"

"ಲೈಟು. ಆಯಿಲ್ದು ಕೆಂಪು ಲೈಟು. ನಿನ್ನೆ ನಂಗಲಿಗೆ ಹೋಗ್ತಾ."

ಕದಿರೇಶನ ಕೈಯಲ್ಲಿದ್ದ ಸ್ಪ್ಯಾನರು ತಿರುಗುವುದನ್ನು ನಿಲ್ಲಿಸಿತು.

ಆ ಜೀಪಿಗೆ ವಯಸ್ಸು ಇಪ್ಪತ್ತೆಂಟು. ಡೀಸೆಲ್ ಇಂಜಿನ್ನು; ಎರಡು ಸಲ ಕದಿರೇಶನ ಕೈಯಲ್ಲೇ ಬಿಚ್ಚಿಸಿಕೊಂಡು ಜೋಡಿಸಿಕೊಂಡದ್ದು. ಕೋದಂಡರಾಮಪ್ಪನ ಊರಿನವನೇ ಆದ ನರೇಶ ಒಂಬತ್ತು ವರ್ಷದಿಂದ ಅದರ ಡ್ರೈವರಾಗಿದ್ದ. ವಾರಕ್ಕೆರಡು ಸಲ ತರಕಾರಿ ತುಂಬಿಕೊಂಡು ಹೆದ್ದಾರಿ ಹಿಡಿದು, ಮುಳಬಾಗಿಲು ದಾಟಿ, ಆಂಧ್ರದ ಗಡಿಯ ನಂಗಲಿಯ ಲಾರಿ ಹೋಟೆಲುಗಳಿಗೆ ಹಾಕಿ ಬರುವುದು ಅವನ ಕೆಲಸ. ಶಿವರಾತ್ರಿ ಕಳೆದ ಮೇಲೆ ಅವನು ವಾಪಸ್ಸು ಬರುವುದು ತಡವಾಗತೊಡಗಿತು. ಕೇಳಿದರೆ, ದಾರಿಯಲ್ಲಿ ಆಯಿಲ್ ಲೈಟು ಬಂತು, ಇಂಜಿನ್ನು ಹಿಡಿದುಕೊಂಡೀತೆಂದು ನಿಲ್ಲಿಸಿದೆ, ಅರ್ಧ ಗಂಟೆ ಬಿಟ್ಟು ಸ್ಟಾರ್ಟ್ ಮಾಡಿದರೆ ಲೈಟು ಹೋಗಿತ್ತು ಅನ್ನುವನು. ಕೋದಂಡರಾಮಪ್ಪ ತಾನೇ ಕೋಲಾರದ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಓಡಿಸಿಕೊಂಡು ಹೋಗಿ ನೋಡಿದ, ಲೈಟಿಲ್ಲ. ತೋಟಕ್ಕೆ ಓಡಿಸಿದ, ಲೈಟಿಲ್ಲ. ಕೊನೆಗೆ ಕದಿರೇಶನ ಹತ್ತಿರ ತಂದ. ಕದಿರೇಶ ಆಯಿಲ್ ಪ್ರೆಶರ್ ತೋರಿಸುವ ಗೇಜು ಹಾಕಿ, ಶೆಡ್ಡಿನ ಮುಂದೆಯೇ ಒಂದು ಗಂಟೆ ಇಂಜಿನ್ ಓಡಿಸಿ ನೋಡಿದ. ಮುಳ್ಳು ನಿಲ್ಲಬೇಕಾದ ಕಡೆಯೇ ನಿಂತಿತ್ತು. ಟ್ರ್ಯಾಕ್ಟರ್ ರಿಪೇರಿಗೆ ಬಂದಿದ್ದ ನಾಲ್ಕಾರು ಜನ ಸುತ್ತ ನೆರೆದಿದ್ದರು. ಗೇಜು ಬಿಚ್ಚುತ್ತ ಕದಿರೇಶ, "ಇಂಜಿನ್ ಸುಳ್ಳು ಹೇಳಲ್ಲ ಕೋದಂಡಣ್ಣ. ಓಡ್ಸೋರು ಹೇಳ್ಬೌದು" ಅಂದಿದ್ದ.

ಜನ ನಕ್ಕಿದ್ದರು. ಮಾರನೆಯ ದಿನ ನರೇಶನ ಕೈಯಿಂದ ಜೀಪಿನ ಕೀಲಿ ಹೋಗಿತ್ತು.

"ಎಲ್ಲಿ ಬಂತು ಲೈಟು? ಜಾಗ ಹೇಳು" ಎಂದು ಕದಿರೇಶ ಈಗ ಕೇಳಿದ.

"ಮುಳಬಾಗಿಲು ದಾಟಿದ್ಮೇಲೆ ಎಲ್ಲೋ. ಇಷ್ಟ್ ದಿನ ಬಾಡಿಗೆ ಗಾಡೀಲಿ ಕಳಿಸ್ತಿದ್ದೆ, ನಿನ್ನೆ ಮೊದಲ್ನೇ ಸಲ ನಾನೇ ಹೊರೆ ಹಾಕ್ಕೊಂಡು ಹೋದೆ. ನಂಗೇನ್ ಗೊತ್ತಯ್ಯ, ಅದನ್ನ ನೋಡಿದ್ದೇ ಎದೆ ಡವಡವ ಅಂತು. ಒಂದು ಹೊಂಗೆ ಮರದ ಕೆಳ್ಗೆ ನಿಲ್ಸ್ದೆ. ಎಳನೀರು ಕುಡ್ದೆ. ಎರಡ್ ಬೀಡಿ ಸೇದ್ದೆ. ಆಮೇಲ್ ಕೀ ತಿರುಗ್ಸಿದ್ರೆ ಲೈಟೇ ಇಲ್ಲ! ನರೇಶ ಹೇಳ್ತಿದ್ನಲ್ಲ, ಅಚ್ಚು ಅದೇ." ಕೋದಂಡರಾಮಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಅಲ್ಲೇ ಒಬ್ಬ ಮೆಕ್ಯಾನಿಕ್ ನೋಡ್ದ. ಬೇರಿಂಗ್ ಸವೆದವೆ, ಪೂರ್ತಿ ಬಿಚ್ಬೇಕು, ಇಲ್ಲಾಂದ್ರೆ ಗುಜರಿಗೆ ಹಾಕಿ ಅಂದ" ಎಂದ.

ಕದಿರೇಶ ಸ್ಪ್ಯಾನರು ಕೆಳಗಿಟ್ಟ. ಬಾನೆಟ್ಟು ಎತ್ತಿದ. ಕಡ್ಡಿ ಎಳೆದು ಆಯಿಲ್ ಮಟ್ಟ ನೋಡಿದ, ಸರಿಯಿತ್ತು. ಒಂದು ತೊಟ್ಟು ಬೆರಳ ನಡುವೆ ತಿಕ್ಕಿದ. ತೆಳುವಾಗಿರಲಿಲ್ಲ, ನೀರು ಬೆರೆತಿರಲಿಲ್ಲ, ಡೀಸೆಲ್ ವಾಸನೆ ಇರಲಿಲ್ಲ. ಲೈಟಿನ ಸ್ವಿಚ್ಚು ಬದಲಿಸಿ ನೋಡಿದ, ಹಳೆಯದೇ ಸರಿಯಿತ್ತು. ಗೇಜು ಹಾಕಿದ. ಇಂಜಿನ್ ಕಾಯುವವರೆಗೆ ಬಿಟ್ಟ. ಮುಳ್ಳು ಮತ್ತೆ ಅದೇ ಜಾಗದಲ್ಲಿ, ದೇವರ ಮುಂದೆ ಕೈಮುಗಿದು ನಿಂತವನ ಹಾಗೆ, ಅಲುಗದೆ ನಿಂತಿತು.

ಬೇರಿಂಗ್ ಸವೆದಿದ್ದರೆ ಹೀಗಿರುವುದಿಲ್ಲ. ಸವೆದ ಇಂಜಿನ್ನು ಕಾದ ಮೇಲೆ ಸುಮ್ಮನೆ ನಿಂತಾಗಲೇ ಪ್ರೆಶರ್ ಕಳೆದುಕೊಳ್ಳುತ್ತದೆ, ರೇಸ್ ಕೊಟ್ಟರೆ ಏರುತ್ತದೆ. ಇದು ಮೂವತ್ತೈದು ವರ್ಷದಿಂದ ಕದಿರೇಶ ನೂರು ಇಂಜಿನ್ನುಗಳಲ್ಲಿ ಕಂಡದ್ದು. ಈ ಇಂಜಿನ್ನು ನಿಂತಾಗ ಒಳ್ಳೆಯದು, ಓಡುವಾಗ ಎಲ್ಲೋ ಕೆಡುತ್ತಿದೆ. ಎಲ್ಲಿ ಕೆಡುತ್ತದೆ, ಎಷ್ಟು ದೂರಕ್ಕೆ, ಯಾವ ವೇಗಕ್ಕೆ? ಅದು ಗೊತ್ತಿದ್ದವನು ಒಬ್ಬನೇ. ಅವನನ್ನು ಸುಳ್ಳುಗಾರನೆಂದು ಕರೆದವನು ತಾನು.

"ನರೇಶ ಬೇಕು ಕೋದಂಡಣ್ಣ" ಎಂದ.

"ಅವ್ನು ನನ್ ಮಖಾನೂ ನೋಡಲ್ಲ. ನಿಂದಂತೂ ಬಿಡು."

"ನಾನೇ ಹೋಗಿ ಕರೀತೀನಿ."

ಮಧ್ಯಾಹ್ನ ಊಟ ಮುಗಿಸಿ ಕದಿರೇಶ ತನ್ನ ಮೊಪೆಡ್ಡಿನಲ್ಲಿ ನರೇಶನ ಊರಿಗೆ ಹೋದ. ಮೂರು ಮೈಲಿ ದಾರಿ. ಬಾಗಿಲಲ್ಲಿ ನರೇಶನ ಹೆಂಡತಿ ಗಂಗಾಲಕ್ಷ್ಮಿ ಅವರೆಕಾಳು ಹಿಸುಕುತ್ತ ಕೂತಿದ್ದಳು. ಬನ್ನಿ ಅನ್ನಲಿಲ್ಲ.

"ನರೇಶ ಇಲ್ವಾಮ್ಮ?"

"ಟೊಮೇಟೊ ತೋಟದಲ್ಲಿ ಬಾಕ್ಸ್ ಹೊರ್ತಾವ್ರೆ. ಏನು, ಇನ್ನೊಂದು ಸುಳ್ಳು ಹೇಳಿದ್ರಾ ನಮ್ಮೋರು?"

"ಇಲ್ಲಮ್ಮ. ಈ ಸಲ ಸುಳ್ಳು ನಂದೇ ಇರ್ಬೌದು. ನೋಡೋಕ್ ಬಂದಿದೀನಿ."

ಅವಳು ಮೊದಲ ಸಲ ತಲೆಯೆತ್ತಿ ನೋಡಿದಳು. ತೋಟದ ದಾರಿಯನ್ನು ಗದ್ದ ಚಾಚಿ ತೋರಿಸಿದಳು.

ನರೇಶ ಹೆಗಲ ಮೇಲೆ ಗೋಣಿ ಮಡಿಸಿ ಹಾಕಿಕೊಂಡು, ಒಂದರ ಮೇಲೊಂದು ಎರಡು ಬಾಕ್ಸು ಹೊತ್ತು ಬದುವಿನ ಮೇಲೆ ಬರುತ್ತಿದ್ದ. ನಲವತ್ತರ ಹತ್ತಿರದವನು. ಸ್ಟೇರಿಂಗ್ ಹಿಡಿದ ಮೈಗೆ ಹೊರೆ ಹೊರುವುದು ಇನ್ನೂ ಒಗ್ಗಿರಲಿಲ್ಲ. ಹೆಜ್ಜೆ ನೋಡಿದರೇ ತಿಳಿಯುತ್ತಿತ್ತು. ಕದಿರೇಶ ಹೇಳಿದ್ದನ್ನೆಲ್ಲ ಅವನು ಬಾಕ್ಸು ಇಳಿಸದೆಯೇ ಕೇಳಿದ.

"ಆವತ್ತು ನಾನೇ ಬಂದು ಹೇಳ್ತೀನಿ ಅಂದೆ. ಕೋದಂಡಪ್ಪನೋರು ಬೇಡ ಅಂದ್ರು, ನೀವು ಕರೀಲಿಲ್ಲ. ಈಗ್ ಯಾಕಣ್ಣ?"

"ಇಂಜಿನ್ ಪಕ್ಕ ಒಂದು ಗಂಟೆ ನಿಂತೆ. ಒಂಬತ್ತು ವರ್ಷ ಓಡಿಸ್ದೋನನ್ನ ಒಂದು ಮಾತು ಕೇಳ್ಲಿಲ್ಲ. ಅದು ನನ್ ತಪ್ಪು. ಲೈಟು ನಿಜಾನಾ ಸುಳ್ಳಾ ಅನ್ನೋದು ನಾಳೆ ಗೊತ್ತಾಗುತ್ತೆ, ನೀನ್ ಬಂದ್ರೆ."

ನರೇಶ ಬಾಕ್ಸುಗಳನ್ನು ರಾಶಿಯ ಮೇಲಿಟ್ಟ. ಬೆವರು ಒರೆಸಿಕೊಂಡ.

"ಖಾಲಿ ಗಾಡೀಲಿ ಬರಲ್ಲ ಅದು. ಹೊರೆ ಇರ್ಬೇಕು. ಹದಿನೈದು ಮೂಟೆ ಬೀನ್ಸ್ ಹಾಕಿ. ಏಳ್ ಗಂಟೆಗೆ ಬರ್ತೀನಿ."

ಮಂಗಳವಾರ ಏಳಕ್ಕೆ ಸರಿಯಾಗಿ ಬಂದ. ಕದಿರೇಶ ಅಷ್ಟರಲ್ಲಿ ಗೇಜಿಗೆ ಉದ್ದನೆಯ ಪೈಪು ಕೊಟ್ಟು, ಇಂಜಿನ್ನಿನಿಂದ ಎಳೆದು ತಂದು, ಸ್ಟೇರಿಂಗ್ ಪಕ್ಕದಲ್ಲಿ ತಂತಿಯಿಂದ ಕಟ್ಟಿದ್ದ. ಕೋದಂಡರಾಮಪ್ಪ ಕೀಲಿಯನ್ನು ನರೇಶನ ಕೈಗೆ ಕೊಡಲು ಮುಜುಗರಪಟ್ಟು ಸೀಟಿನ ಮೇಲಿಟ್ಟ. ತಾನು ಬರುವುದಿಲ್ಲ, ಇಲ್ಲೇ ಇರುತ್ತೇನೆ ಅಂದ.

ಹದಿನೈದು ಮೂಟೆ ಬೀನ್ಸ್ ಹೊತ್ತ ಜೀಪು ಹೆದ್ದಾರಿ ಸೇರಿತು. ಕದಿರೇಶ ಮುಳ್ಳನ್ನೇ ನೋಡುತ್ತಿದ್ದ. ನಿಧಾನಕ್ಕೆ ಹೋದರೆ ಎರಡೂವರೆ, ವೇಗ ಹೆಚ್ಚಿಸಿದರೆ ಮೂರಕ್ಕೂ ಮೇಲೆ. ಹೊಸ ಇಂಜಿನ್ನಿಗೂ ಇದಕ್ಕಿಂತ ಹೆಚ್ಚು ಇರುವುದಿಲ್ಲ. ಮುಳಬಾಗಿಲಿನ ಬಂಡೆ ಬೆಟ್ಟಗಳು ಎದುರಿಗೆ ಕಾಣಿಸಿದವು, ಪಕ್ಕಕ್ಕೆ ಸರಿದವು, ಹಿಂದಾದವು. ಮುಳ್ಳು ಅಲ್ಲೇ ಇತ್ತು.

"ಬರ್ಲಿಲ್ವಲ್ಲೋ" ಎಂದ ಕದಿರೇಶ.

"ತಾಳಿ ಅಣ್ಣ. ಆ ಮುಂದಿನ ಏರು ಹತ್ಲಿ. ಮೊದ್ಲು ಲೈಟು ಬರಲ್ಲ, ಮೊದ್ಲು ಸದ್ದು ಬದ್ಲಾಗುತ್ತೆ. ಮಿಷನ್ ಹೊಲಿಗೆ ಹಾಕ್ದಂಗೆ ಮೇಲ್ಗಡೆ ಟಿಕ್ ಟಿಕ್ ಅನ್ನುತ್ತೆ. ಆಗ ನಾನು ಸ್ಪೀಡು ಇಳಿಸ್ದ್ರೆ ಲೈಟು ಬರಲ್ಲ. ಇಳಿಸ್ದೆ ಇದ್ರೆ ಎರಡ್ ನಿಮಿಷಕ್ಕೆ ಬರುತ್ತೆ. ಇಳಿಸ್ಲಾ, ಬೇಡ್ವಾ?"

ಕದಿರೇಶ ಅವನ ಮುಖ ನೋಡಿದ. ಇಷ್ಟು ಚೊಕ್ಕವಾಗಿ ಕಾಯಿಲೆ ಹೇಳುವ ರೋಗಿಯ ಕಡೆಯವರು ಯಾವ ಡಾಕ್ಟರಿಗೂ ಸಿಗುವುದಿಲ್ಲ.

"ಇಳಿಸ್ಬೇಡ."

ಏರು ಹತ್ತಿದ್ದೇ ಮುಳ್ಳು ಕದಲಿತು. ಒಮ್ಮೆಗೇ ಬೀಳಲಿಲ್ಲ. ಮೂರರಿಂದ ಎರಡೂವರೆ, ಎರಡು, ಬಾವಿಗೆ ಬಿಟ್ಟ ಹಗ್ಗದಂತೆ ಸಣ್ಣ ಸಣ್ಣಗೆ ಜಾರಿತು. ಬಾನೆಟ್ಟಿನ ಕೆಳಗೆ ಹೊಲಿಗೆ ಮಿಷನ್ನು ಶುರುವಾಯಿತು. ಒಂದು. ಅರ್ಧ. ಕೆಂಪು ದೀಪ ಹಚ್ಚಿಕೊಂಡಿತು.

"ನಿಲ್ಸು, ನಿಲ್ಸು! ಸಾಕು!"

ಉರುಳುವ ಗಾಡಿಯನ್ನು ನರೇಶ ಇಂಜಿನ್ ಆರಿಸಿಕೊಂಡೇ ರಸ್ತೆಯ ಅಂಚಿನ ಟೀ ಅಂಗಡಿಯ ಮುಂದಕ್ಕೆ ತಂದು ನಿಲ್ಲಿಸಿದ. ಅಂಗಡಿಯ ರಾಮಲಕ್ಷ್ಮಮ್ಮ ಒಲೆಯ ಹಿಂದಿನಿಂದಲೇ ತೆಲುಗು ಬೆರೆತ ಕನ್ನಡದಲ್ಲಿ ಕೂಗಿದಳು:

"ಏಮಪ್ಪಾ ನರೇಶಾ, ಎಷ್ಟ್ ದಿನ ಆಯ್ತು! ಮಳ್ಳೀ, ತಿರ್ಗಾ ನಿಂತೋಯ್ತಾ ನಿನ್ ಬಂಡಿ?"

"ನಿಂತೋಯ್ತು ಅಕ್ಕ. ಎರಡ್ ಟೀ ಕೊಡು."

"ಈವತ್ತಾದ್ರೂ ಕುಡೀತೀಯಾ? ಆವಾಗೆಲ್ಲ ಟೀ ಹಾಕ್ಸ್ಕೊಂಡು ಆ ಬಂಡಿ ಮೂತಿ ಎತ್ಕೊಂಡು ನಿಂತ್ಕೋತಿದ್ದೆ. ಟೀ ತಣ್ಣಗಾಗೋದು, ನಾನು ಚೆಲ್ಲೋಳು" ಎಂದು ಕದಿರೇಶನ ಕಡೆ ತಿರುಗಿ, "ಮೀರು ಮೆಕ್ಯಾನಿಕ್ಕಾ? ಈಗ ಬಂದ್ರಾ? ಚಾಲಾ ಬೇಗ ಬಂದ್ರಿ ಬಿಡಿ!" ಎಂದಳು.

ಕದಿರೇಶ ಟೀ ಕುಡಿದ. ಬಿಸಿಯಾಗಿತ್ತು, ಸಕ್ಕರೆ ಜಾಸ್ತಿಯಿತ್ತು. ತನ್ನ ಶೆಡ್ಡಿನಲ್ಲಿ ಜನ ನಕ್ಕಿದ್ದು ನೆನಪಾಯಿತು. ಅರ್ಧ ಗಂಟೆಯಾದ ಮೇಲೆ ಕೀಲಿ ತಿರುಗಿಸಿದಾಗ ಮುಳ್ಳು ತಟಕ್ಕನೆ ಎದ್ದು ತನ್ನ ಜಾಗದಲ್ಲಿ ನಿಂತಿತು.

"ಬೇರಿಂಗ್ ಅಲ್ಲ" ಎಂದ ಕದಿರೇಶ. "ಪಂಪಿಗೆ ಆಯಿಲ್ ಸಿಕ್ತಿಲ್ಲ. ಜೋರಾಗಿ ಎಳೆದಾಗ ಏನೋ ಬಂದು ಬಾಯಿಗೆ ಅಡ್ಡ ಕೂತ್ಕೊಳುತ್ತೆ. ನಿಲ್ಸಿದ್ರೆ ಮೆಲ್ಲಗೆ ಬಿಟ್ಕೊಳುತ್ತೆ."

"ಕಸನಾ?"

"ಅಲ್ಲೇ ನಂಗೂ ಆಶ್ಚರ್ಯ. ಸಂಕ್ರಾಂತಿ ಆದ್ಮೇಲೆ ಪ್ಯಾಕಿಂಗ್ ಸೋರ್ತಿತ್ತು ಅಂತ ಚೇಂಬರ್ ಬಿಚ್ಚಿದ್ದೆ. ನನ್ ಕೈಯಾರೆ ಕನ್ನಡಿ ತರ ಒರೆಸಿ ಹಾಕಿದೀನಿ. ಅಲ್ಲಿ ಕಸ ಎಲ್ಲಿಂದ ಬರುತ್ತೆ?"

ತರಕಾರಿ ಇಳಿಸಿ, ನಲವತ್ತರ ವೇಗ ದಾಟದೆ ವಾಪಸ್ಸು ಬಂದರು. ದಾರಿಯಲ್ಲಿ ಒಮ್ಮೆಯೂ ಲೈಟು ಬರಲಿಲ್ಲ. ಮಧ್ಯಾಹ್ನ ಇಬ್ಬರೂ ಸೇರಿ ಆಯಿಲ್ ಇಳಿಸಿದರು. ಚೇಂಬರ್ ಎಂದರೆ ಇಂಜಿನ್ನಿನ ಹೊಟ್ಟೆಯ ಕೆಳಗೆ ಆಯಿಲ್ ನಿಲ್ಲುವ ತಗಡಿನ ತೊಟ್ಟಿ. ಬೋಲ್ಟುಗಳನ್ನೆಲ್ಲ ಬಿಚ್ಚಿ ನರೇಶ ಅದನ್ನು ಎರಡು ಕೈಯಲ್ಲಿ ಇಳಿಸಿಕೊಂಡ. ಕದಿರೇಶ ಅಂಗಾತ ಮಲಗಿ ಟಾರ್ಚು ಬಿಟ್ಟ. ಪಂಪಿನ ಬಾಯಿಗೆ ಹಾಕಿದ ಜಾಲರಿ ಕಾಣಬೇಕಾದ ಕಡೆ, ಕಂದು ಬಣ್ಣದ, ಅಂಗೈಯಗಲದ ಒಂದು ಮೆತ್ತನೆಯ ತೇಪೆ ಅರ್ಧ ಅಂಟಿ, ಅರ್ಧ ನೇತಾಡುತ್ತಿತ್ತು. ಎರಡು ಬೆರಳಲ್ಲಿ ಎಳೆದ. ಹರಿಯಲಿಲ್ಲ. ಎಳೆದಷ್ಟೂ ಉದ್ದವಾಯಿತು.

ಬಟ್ಟೆ ಹೀಗೆ ಬರುವುದಿಲ್ಲ, ಹತ್ತಿಯಾದರೆ ತುಂಡಾಗುತ್ತದೆ. ಅವನು ಹೊರಗೆ ತೆವಳಿ ಬಂದು ಅದನ್ನು ಸೀಮೆಎಣ್ಣೆಯ ಬೋಗುಣಿಯಲ್ಲಿ ಅದ್ದಿ ಜಾಲಿಸಿದ. ಕಂದು ಬಣ್ಣ ಹೋಗಿ ಒಳಗಿನ ಹೊಳಪು ಕಂಡಿತು. ಕದಿರೇಶ ಕುಕ್ಕರುಗಾಲಲ್ಲಿ ಕೂತವನು ಹಾಗೆಯೇ ಉಳಿದ.

ಅಷ್ಟರಲ್ಲಿ ಶೆಡ್ಡಿನ ಹಿಂದಿನ ಮನೆಯಿಂದ ಅವನ ಹೆಂಡತಿ ಶಾಮಲಮ್ಮ ಕಾಫಿ ತಂದಳು. ವರ್ಷಕ್ಕೆ ಐದು ಬೆಳೆ ರೇಷ್ಮೆ ಹುಳು ಸಾಕುವ ಹೆಂಗಸು. ಬೋಗುಣಿಗೆ ಒಮ್ಮೆ ಕಣ್ಣು ಹಾಕಿದ್ದೇ ಸಾಕಾಯಿತು.

"ಇದ್ಯಾಕೆ ನಮ್ ಗೂಡಿನ ಜುಂಗು ಇಲ್ಲೈತೆ?"

ಗೂಡನ್ನು ಮಾರ್ಕೆಟ್ಟಿಗೆ ಹಾಕುವ ಮೊದಲು ಮೇಲಿನ ಸಡಿಲ ನೂಲನ್ನು ಬಿಡಿಸಿ ತೆಗೆಯುತ್ತಾರೆ. ಅದೇ ಜುಂಗು. ಮೋಡದಂತೆ ಹಗುರ, ಎಣ್ಣೆಯನ್ನು ಹೀರಿಕೊಳ್ಳುವುದರಲ್ಲಿ ಯಾವ ಬಟ್ಟೆಯೂ ಅದಕ್ಕೆ ಸಮವಲ್ಲ. ವರ್ಷಗಳಿಂದ ಕದಿರೇಶ ಅದರಲ್ಲೇ ಕೈ ಒರೆಸುವನು, ಸ್ಪ್ಯಾನರು ಒರೆಸುವನು. ಕೋಲಾರದ ಮೆಕ್ಯಾನಿಕ್ಕುಗಳಿಗೆ "ನಿಮ್ಗೆಲ್ಲಿ ಸಿಗ್ಬೇಕು ರೇಷ್ಮೆ ವೇಸ್ಟು" ಎಂದು ಜಂಬ ಕೊಚ್ಚಿಕೊಂಡೂ ಇದ್ದ. ಚೇಂಬರನ್ನು ಕನ್ನಡಿಯಂತೆ ಒರೆಸಿದ್ದೂ ಅದರಲ್ಲೇ. ಒಳಗಿನ ಒರಟು ಮೂಲೆಯಲ್ಲಿ ಒಂದು ಹಿಡಿ ಸಿಕ್ಕಿಕೊಂಡು ಉಳಿದದ್ದು ಕಣ್ಣಿಗೆ ಬಿದ್ದಿರಲಿಲ್ಲ. ತಿಂಗಳು ಕಳೆದ ಮೇಲೆ ಅದು ಬಿಡಿಸಿಕೊಂಡು ಜಾಲರಿಗೆ ಬಂದು ಅಂಟತೊಡಗಿತ್ತು. ಆಯಿಲ್ಲಿನಲ್ಲಿ ರೇಷ್ಮೆ ಕರಗುವುದಿಲ್ಲ, ಕೊಳೆಯುವುದಿಲ್ಲ, ಹರಿಯುವುದಿಲ್ಲ.

"ದಿಂಬಿಗೆ ತುಂಬೋಣ ಅಂತ ಮಡಗಿದ್ದೆ. ನೀನು ಬಂದು ಬಾಚ್ಕೊಂಡು ಹೋದೆ" ಎಂದಳು ಶಾಮಲಮ್ಮ. ಗಂಡನ ಮುಖ ನೋಡಿ ಮುಂದಿನ ಮಾತು ನುಂಗಿಕೊಂಡು, ಲೋಟಗಳನ್ನು ಟೈರಿನ ಮೇಲಿಟ್ಟು ಒಳಗೆ ಹೋದಳು.

ನರೇಶ ಕಾಫಿ ಎತ್ತಿಕೊಂಡ.

ಕದಿರೇಶನ ತಲೆಯಲ್ಲಿ ಒಂದು ದಾರಿ ತಾನಾಗಿ ತೆರೆದುಕೊಂಡಿತು. ಪಂಪು ಹೋಗಿತ್ತು ಅಂದರೆ ಆಯಿತು. ಹಳೇ ಪಂಪು ಒಂದನ್ನು ತೋರಿಸಿದರೆ ಕೋದಂಡರಾಮಪ್ಪ ನಂಬುತ್ತಾನೆ. ಜೀಪು ಓಡುತ್ತದೆ, ನರೇಶನಿಗೆ ಕೆಲಸವೂ ಸಿಗುತ್ತದೆ, ತನ್ನ ಕೈಗುಣದ ಹೆಸರೂ ಉಳಿಯುತ್ತದೆ. ಯಾರಿಗೆ ಏನು ನಷ್ಟ?

"ನರೇಶಾ, ಪಂಪು ಅಂತ ಹೇಳಿದ್ರೂ ನಿನ್ ಕೆಲಸ ನಿಂಗೆ ಬರುತ್ತಲ್ವಾ?" ಎಂದು ಬಾಯಿಬಿಟ್ಟೇ ಕೇಳಿದ. ಕೇಳಿದ ಮೇಲೆ ನಾಚಿಕೆಯಾಯಿತು.

ನರೇಶ ಲೋಟ ಕೆಳಗಿಟ್ಟ.

"ಕೆಲಸ ಬರುತ್ತೆ ಅಣ್ಣ. ಆದ್ರೆ ಪಂಪು ಮೊನ್ನೆ ಹೋಗಿರ್ಬೌದು, ಹೋದ್ ವಾರ ಹೋಗಿರ್ಬೌದು. ಈಗ ನಿಜ್ವಾಗಿ ಕೆಟ್ಟೋಯ್ತು, ಆವಾಗ ಹೇಳಿದ್ದು ಸುಳ್ಳೇ ಅಂತಾರೆ. ಈ ಜುಂಗು ಸಂಕ್ರಾಂತಿಯಿಂದ ಒಳಗೈತೆ. ಇದೊಂದೇ ನನ್ ಕಡೆ ಸಾಕ್ಷಿ." ಕೈ ಒರೆಸಿಕೊಳ್ಳುತ್ತ ಹೇಳಿದ: "ಊರಲ್ಲಿ ನನ್ ಹೆಸರೇನ್ ಗೊತ್ತಾ? ಲೈಟ್ ನರೇಶ. ಬೆಳಿಗ್ಗೆ ಡೈರಿಗೆ ಹಾಲು ಹಾಕೋಕೆ ಹೋದ್ರೆ, 'ಬಂತಾ ಲೈಟು?' ಅಂತಾರೆ. ನಮ್ ಹುಡುಗಿ ಸ್ಕೂಲಲ್ಲೂ ಅಂತಾರಂತೆ. ನಿಮ್ ಶೆಡ್ಡಲ್ಲಿ ಹುಟ್ಟಿದ್ ಮಾತು ಅದು. ನಂಗೊಬ್ಬನಿಗೆ ಇಲ್ಲಿ ತಪ್ಪಾಯ್ತು ಅಂದ್ರೆ ಆ ಮಾತು ಹೋಗಲ್ಲ."

ಕದಿರೇಶ ಬೋಗುಣಿಯನ್ನು ಹತ್ತಿರಕ್ಕೆಳೆದುಕೊಂಡ. ಆಮೇಲೆ ಜುಂಗನ್ನು ಹಿಂಡಿ, ಹಳೇ ಪೇಪರಿನಲ್ಲಿ ಸುತ್ತಿಟ್ಟ. ಸಂಜೆಯೊಳಗೆ ಇಬ್ಬರೂ ಸೇರಿ ಜಾಲರಿ ತೊಳೆದು, ಚೇಂಬರನ್ನು ಬಿಳಿ ಪಂಚೆಯ ತುಂಡಿನಿಂದ ಒರೆಸಿ, ಬೆರಳಾಡಿಸಿ ಮೂಲೆ ಮೂಲೆ ನೋಡಿ ಮುಚ್ಚಿದರು. ಹೊಸ ಆಯಿಲ್ ತುಂಬಿದರು. ಮಣ್ಣಿನ ಮೂಟೆಗಳ ಹೊರೆ ಹಾಕಿ ಅದೇ ಏರಿನ ತನಕ ಮತ್ತೊಮ್ಮೆ ಹೋಗಿ ಬಂದರು. ಮುಳ್ಳು ಇಳಿಯಲಿಲ್ಲ.

ಬುಧವಾರ ಬೆಳಿಗ್ಗೆ ಆರೂವರೆಗೆ ಕದಿರೇಶ ನರೇಶನ ಊರಿನ ಡೈರಿಯ ಮುಂದೆ ಇದ್ದ. ಹಾಲಿನ ಕ್ಯಾನು ಹಿಡಿದು ಮೂವತ್ತು ನಲವತ್ತು ಜನ ಸಾಲು ನಿಂತಿದ್ದರು. ಸಾಲಿನ ನಡುವೆ ನರೇಶನೂ ಇದ್ದ. ಕದಿರೇಶ ಹೇಳಿಕಳಿಸಿದ್ದರಿಂದ ಕೋದಂಡರಾಮಪ್ಪ ಕಟ್ಟೆಯ ಮೇಲೆ ಕೂತಿದ್ದ. ಹಾಲಿಗೆ ನೀರು ಬೆರೆತಿದೆಯೇ ಎಂದು ಡಿಗ್ರಿ ನೋಡುತ್ತಿದ್ದ ಸೆಕ್ರೆಟರಿ ಮುನಿರಾಮಪ್ಪ ಕತ್ತು ಹೊರಳಿಸಿದ.

"ಏನ್ ಕದಿರೇಶಣ್ಣ, ಹಸು ಕಟ್ಟಿದ್ಯಾ? ಖಾಲಿ ಕೈಲಿ ಬಂದಿದೀಯ?"

"ಖಾಲಿ ಕೈಲ್ ಬಂದಿಲ್ಲ" ಎಂದು ಕದಿರೇಶ ಪೇಪರ್ ಬಿಚ್ಚಿ ಜುಂಗನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. ಜನರ ಸಾಲಿನ ಮುಂದೆ ಮಾತಾಡಿ ಅವನಿಗೆ ಅಭ್ಯಾಸವಿರಲಿಲ್ಲ. "ಕೋದಂಡಣ್ಣನ ಜೀಪಿನ ಹೊಟ್ಟೇಲಿ ಇದ್ದದ್ದು ಇದು. ಹಾಕ್ದೋನು ನಾನು, ಸಂಕ್ರಾಂತಿ ಆದ್ಮೇಲೆ. ನಮ್ಮನೆ ಗೂಡಿನ ಜುಂಗಲ್ಲಿ ಒರೆಸಿ, ಒಳಗೇ ಬಿಟ್ಟು ಮುಚ್ಚಿದ್ದೆ. ಲೈಟು ಬಂದಿದ್ದು ಇದ್ರಿಂದ. ನರೇಶ ಮೊದಲ್ನೇ ದಿನದಿಂದ ಹೇಳಿದ್ದು ನಿಜ. ಅವ್ನು ಪ್ರತಿ ಸಲ ನಿಲ್ಸಿದ್ರಿಂದ ಇಂಜಿನ್ ಉಳ್ದೈತೆ. ನಾನು ಅವನ್ನ ಸುಳ್ಳುಗಾರ ಅಂದೆ. ಅದು ತಪ್ಪು."

ಸಾಲಿನವರು ಕತ್ತು ಚಾಚಿ ಜುಂಗನ್ನು ನೋಡಿದರು. ಆಮೇಲೆ ಹಿಂದಿನಿಂದ ಯಾರೋ, "ಇಂಜಿನ್ನಿಗೂ ರೇಷ್ಮೆ ಪಂಚೆ ಉಡ್ಸ್ಬಿಟ್ಯಾ ಕದಿರೇಶಾ! ಮದ್ವೆಗೆ ನಮ್ಮನ್ ಕರೀಲಿಲ್ವಲ್ಲೋ!" ಅಂದರು. ಸಾಲು ಪೂರ್ತಿ ನಕ್ಕಿತು. ಮುನಿರಾಮಪ್ಪನಂತೂ ಡಿಗ್ರಿ ನೋಡುವುದನ್ನು ಮರೆತು ನಕ್ಕ. ಕದಿರೇಶ ಕಿವಿ ಬಿಸಿ ಮಾಡಿಕೊಂಡು, ಜುಂಗನ್ನು ಕೈಯಲ್ಲೇ ಹಿಡಿದು, ನಗು ಮುಗಿಯುವವರೆಗೆ ನಿಂತ. ನರೇಶ ನಗಲಿಲ್ಲ. ತನ್ನ ಸರದಿ ಬಂದಾಗ ಹಾಲು ಅಳೆಸಿ, ಖಾಲಿ ಕ್ಯಾನು ತೊಳೆದುಕೊಂಡು ಹೊರಗೆ ಬಂದ.

ಕೋದಂಡರಾಮಪ್ಪ ಕಟ್ಟೆಯಿಂದ ಇಳಿದು ಕೀಲಿ ಚಾಚಿದ. "ತಗೋಳಪ್ಪ. ಮನಸ್ಸಿನಲ್ಲಿ ಇಟ್ಕೋಬೇಡ."

"ಶನಿವಾರದ್ ತನಕ ಟೊಮೇಟೊ ಒಪ್ಕೊಂಡಿದೀನಿ. ಅವ್ರಿಗೂ ಜನ ಇಲ್ಲ. ಭಾನುವಾರದಿಂದ ಬರ್ತೀನಿ" ಎಂದ ನರೇಶ. ಕೀಲಿ ಮುಟ್ಟಲಿಲ್ಲ. ಆದರೆ ಮುಖ ತಿರುಗಿಸಲೂ ಇಲ್ಲ.

ಕದಿರೇಶ ಮೊಪೆಡ್ಡಿನ ಕಡೆ ಹೊರಟವನು ತಿರುಗಿ ನಿಂತ.

"ನರೇಶಾ, ಜೀಪಲ್ಲಿ ಇನ್ನೇನಾದ್ರೂ ಐತಾ? ನೀನ್ ಹೇಳಿ, ನಾವ್ ಕೇಳ್ದೆ ಬಿಟ್ಟಿರೋದು?"

ನರೇಶ ಯೋಚಿಸಿದ. "ಎಡಗಡೆ ಮುಂದಿನ ಚಕ್ರ ಒಂಥರಾ ಕಿರ್ ಅನ್ನುತ್ತೆ. ಬ್ರೇಕ್ ಒತ್ತಿದಾಗ ಅಲ್ಲ, ಬಿಟ್ಟಾಗ. ಅದೂ ಇಳಿಜಾರಲ್ಲಿ ಮಾತ್ರ. ಹೇಳೋಕೆ ಹೋದ್ರೆ ಉದ್ದ ಆಗುತ್ತೆ."

"ಉದ್ದ ಆಗ್ಲಿ" ಎಂದ ಕದಿರೇಶ. ಡೈರಿಯ ಕಟ್ಟೆಯ ಮೇಲೆ ಕೂತು, ಪಕ್ಕದಲ್ಲಿ ಜಾಗ ಒರೆಸಿದ. "ಇಳಿಜಾರು ಎಷ್ಟಿದ್ದಾಗ? ಮೊದ್ಲಿಂದ ಹೇಳು."